ಅಡುಗೆಮನೆಯ ಮೂಲೆಗೆ ಮೂರು ಇಂಚು ಬಿಡಿ

ಅಕ್ಕನ ಮನೆಯ ಹೊಸ ಅಡುಗೆಮನೆ ನೋಡೋಕೆ ಚೆಂದ. ಆದರೆ ಮೂಲೆ ಪಕ್ಕದ ಡ್ರಾಯರ್ ಎಳೆದರೆ ನಾಲ್ಕು ಬೆರಳಷ್ಟು ಬಂದು ‘ಟಕ್’ ಅಂತ ನಿಲ್ಲುತ್ತಿತ್ತು. ಇನ್ನೊಂದು ಗೋಡೆಯ ಕಡೆಯ ಬಾಗಿಲಿನ ಹಿಡಿಕೆ ಅಡ್ಡ ಬರುತ್ತಿತ್ತು. ಇದೇ ಎಡವಟ್ಟನ್ನು ಇನ್ನೂ ಮೂರು ಮನೆಗಳಲ್ಲಿ ನೋಡಿದ್ದೇನೆ. ಎಲ್ ಆಕಾರದ ಕಟ್ಟೆ ಇರುವವರು ಬಡಗಿಯನ್ನು ಕರೆಸುವ ಮೊದಲು ಇದನ್ನು ಓದಿ.

ಮೊದಲು, ಮೂಲೆಯಲ್ಲಿ ಏನಿಡುತ್ತೀರಿ ಅಂತ ತೀರ್ಮಾನಿಸಿ. ದಿನಾ ಬೇಕಾಗುವ ಕುಕ್ಕರ್ ಅಲ್ಲಿ ಬೇಡ. ಚಕ್ಕುಲಿ ಒರಳು, ಹಬ್ಬದ ಪಾತ್ರೆಗಳಿಗೆ ಅದು ಸರಿಯಾದ ಜಾಗ.

ಆಮೇಲೆ ಅಳತೆ. ಗೋಡೆಗೆ ಟೈಲ್ಸ್ ಕೂತ ಮೇಲೇ ಅಳೆಯಿರಿ. ಮೂಲೆ ನೇರ ಇದೆಯೇ ಅಂತ ನೋಡಲು ಒಂದು ಗೋಡೆಗುಂಟ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತು ಹಾಕಿ. ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬರಬೇಕು. ಹಳೆ ಮನೆಯಾಗಿದ್ದು ಕಟ್ಟೆ ಕೆಳಗೆ ಕಡಪ ಕಲ್ಲು ನಿಂತಿದ್ದರೆ ಗೋಡೆಯಿಂದ ಗೋಡೆಗೆ ಅಳೆದು ಪ್ರಯೋಜನವಿಲ್ಲ. ಕಲ್ಲಿನಿಂದ ಕಲ್ಲಿಗೆ ಎಷ್ಟು ಜಾಗ ಇದೆಯೋ ಅಷ್ಟೇ ನಿಮ್ಮದು.

ಈಗ ಎಲ್ಲರೂ ಕೆಡಿಸುವ ಜಾಗ. ಎರಡು ಸಾಲುಗಳು ಕೂಡುವ ಒಳಮೂಲೆಯಲ್ಲಿ ಬಾಗಿಲಾಗಲಿ ಡ್ರಾಯರಾಗಲಿ ಶುರುವಾಗಬಾರದು. ಎರಡೂ ಕಡೆ ಒಂದೊಂದು ಸುಮ್ನೆ ಪಟ್ಟಿ ಬರಬೇಕು, ಅದೇ ಫಿಲ್ಲರ್. ಒಂದೊಂದು ಪಟ್ಟಿಯ ಅಗಲ ಲೆಕ್ಕ ಹಾಕಿ: ಬಾಗಿಲಿನ ದಪ್ಪ 18 ಮಿ.ಮೀ., ಹಿಡಿಕೆ ಮುಂದೆ ಬರುವುದು ಸುಮಾರು 35 ಮಿ.ಮೀ. ಅಲ್ಲಿಗೇ 53 ಆಯಿತು. ಬೆರಳಿಗೆ ತುಸು ಜಾಗ ಸೇರಿಸಿದರೆ 75, ಅಂದರೆ 3 ಇಂಚು. ಪಕ್ಕದಲ್ಲಿ ಓವನ್ ಬಂದರೆ ಅದರ ಹಿಡಿಕೆ ಇನ್ನೂ ಮುಂದೆ ಬರುತ್ತದೆ, ಅಳೆದೇ ಜಾಗ ಬಿಡಿ. ಬಡಗಿ ‘ಜಾಗ ವೇಸ್ಟ್ ಆಗುತ್ತೆ ಸಾರ್’ ಅನ್ನುತ್ತಾನೆ. ಒಪ್ಪಬೇಡಿ. ಅಕ್ಕನೂ ಒಪ್ಪಿದ್ದಳು. ಕೊನೆಗೆ ಆ ಹಿಡಿಕೆಯನ್ನೇ ಬಿಚ್ಚಿಸಿದಳು. ಈಗ ಡ್ರಾಯರ್ ಪೂರ್ತಿ ಬರುತ್ತದೆ, ಬಾಗಿಲು ತೆಗೆಯೋಕೆ ಮಾತ್ರ ಸೌಟಿನ ತುದಿ ಬೇಕು!

ನನ್ನನ್ನು ಕೇಳಿದರೆ, ಜಾಗವಿದ್ದವರು ಮಡಚುವ ಬಾಗಿಲು ಹಾಕಿಸಿ. ಎರಡೂ ಗೋಡೆಗುಂಟ 3 ಅಡಿ ಕೊಟ್ಟರೆ, ಕಟ್ಟೆಯ ಆಳ 2 ಅಡಿ ಕಳೆದು, ಒಂದೊಂದು ಅಡಿಯ ಎರಡು ಬಾಗಿಲು ಸಿಗುತ್ತವೆ. ಅವನ್ನು ಒಂದಕ್ಕೊಂದು ಜೋಡಿಸಿದರೆ ಇಡೀ ಮೂಲೆ ತೆರೆಯುತ್ತದೆ, ಫಿಲ್ಲರ್ ತಲೆನೋವೂ ಇಲ್ಲ. ಇದಕ್ಕೆ 165 ಡಿಗ್ರಿ ತೆರೆಯುವ ಹಿಂಜ್ ಬೇಕು, ಮಾಮೂಲಿಯದು ಸಾಲದು. ತಿರುಗುವ ತಟ್ಟೆಗಳು ಅಂಗಡಿಯಲ್ಲಿ ಮೋಡಿ ಮಾಡುತ್ತವೆ. ಅಗ್ಗದವು ನಾಲ್ಕು ಭಾರದ ಪಾತ್ರೆ ಇಟ್ಟರೆ ಜಗ್ಗುತ್ತವೆ. ಎಳೆದರೆ ಇಡೀ ಬುಟ್ಟಿ ಹೊರಬರುವ ಮ್ಯಾಜಿಕ್ ಕಾರ್ನರ್ ಬೇಕೇ ಬೇಕು ಅಂದರೆ, ಬಾಗಿಲು ಕನಿಷ್ಠ 450 ಮಿ.ಮೀ. ಅಗಲ ಇರಲಿ. ಇದ್ಯಾವುದೂ ಹೊಂದದಿದ್ದರೆ ಮೂಲೆಯನ್ನು ಮುಚ್ಚಿಬಿಡಿ. ಎರಡೂ ಕಡೆ ದೊಡ್ಡ ಡ್ರಾಯರ್ ಬಂದರೆ ನಷ್ಟವೇನಿಲ್ಲ.

ಒಳಪೆಟ್ಟಿಗೆಗೆ ನೀರು ತಡೆಯುವ, ಐಎಸ್ 710 ಗುರುತಿನ ಪ್ಲೈವುಡ್ಡೇ ಆಗಲಿ. ಸಿಂಕ್ ಹತ್ತಿರದ ಮೂಲೆಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹಾಕಿದರೆ ನೀರು ಕುಡಿದು ಉಬ್ಬುತ್ತದೆ.

ಮೇಲಿನ ಕಪಾಟು ಸುಲಭ, ಅದರ ಆಳ ಒಂದೇ ಅಡಿ. ಎರಡೂ ಗೋಡೆಗೆ 2 ಅಡಿ ಕೊಟ್ಟರೆ ಸಾಕು.

ಕೊನೆಯ ಕಂತು ಕೊಡುವ ಮುನ್ನ ಮೂಲೆಯ ಒಂದೊಂದು ಡ್ರಾಯರನ್ನೂ ಪೂರ್ತಿ ಎಳೆದು ನೋಡಿ. ಮನೆಯ ದೊಡ್ಡ ಇಡ್ಲಿ ಪಾತ್ರೆಯನ್ನು ಮೂಲೆಯ ಬಾಗಿಲೊಳಗೆ ತೂರಿಸಿ, ಹೊರಗೂ ತೆಗೆಯಿರಿ.