ಹೊಸ ಬ್ಯಾಚಿಗೆ ಗಂಗೋತ್ರಿ ತೋರಿಸುವ ಬಗೆ: ನನ್ನ ಅನುಭವ

ಮೈಸೂರು ವಿಶ್ವವಿದ್ಯಾನಿಲಯಕ್ಕೆ ಹೊಸದಾಗಿ ಸೇರುವ ಎಂ.ಎ., ಎಂ.ಎಸ್ಸಿ., ಪಿಎಚ್.ಡಿ. ಹುಡುಗ ಹುಡುಗಿಯರಿಗೆ ಅದರ ಸ್ನಾತಕೋತ್ತರ ಆವರಣವಾದ ಮಾನಸಗಂಗೋತ್ರಿಯನ್ನು ಸುತ್ತಿಸುವ ಕೆಲಸ ವರ್ಷವರ್ಷವೂ ಯಾರಾದರೂ ಹೊತ್ತುಕೊಳ್ಳಬೇಕಾಗುತ್ತದೆ. ನಾನು ಅದನ್ನು ಮಾಡುವ ಕ್ರಮ ಇದು. ಕಟ್ಟಡಗಳನ್ನು ತೋರಿಸುತ್ತ ಹೋದರೆ ಮೂರನೆಯ ಕಟ್ಟಡದ ಹೊತ್ತಿಗೆ ಅರ್ಧ ಗುಂಪು ಫೋನಿನಲ್ಲಿ ಮುಳುಗಿರುತ್ತದೆ. ಒಳಗೆ ನಡೆಯುವ ಕೆಲಸ ತೋರಿಸಿದರೆ ಮಾತ್ರ ಕಾಲು ನಿಲ್ಲುತ್ತದೆ. ಆದ್ದರಿಂದ ನನ್ನ ಸುತ್ತಿನಲ್ಲಿ ಅರಮನೆಗೆ ಹತ್ತು ನಿಮಿಷ, ನೊಣದ ಸೀಸೆಗೆ ಅರ್ಧ ಗಂಟೆ.

ಗುಂಪು ಹನ್ನೆರಡಕ್ಕೆ ಮೀರಬಾರದು. ಇಪ್ಪತ್ತಾದರೆ ಪ್ರಯೋಗಾಲಯದ ಬಾಗಿಲಲ್ಲೇ ಜಾಮ್ ಆಗುತ್ತದೆ, ಹಿಂದಿನವರಿಗೆ ಮುಂದಿನವರ ಬೆನ್ನು ಬಿಟ್ಟು ಏನೂ ಕಾಣದು. ಎರಡು ದಿನ ಇಟ್ಟುಕೊಳ್ಳುತ್ತೇನೆ: ಮೊದಲ ದಿನ ಗಂಗೋತ್ರಿ, ಎರಡನೆಯ ದಿನ ಊರೊಳಗಿನ ಹಳೆಯ ಭಾಗ. ಎರಡನೆಯ ಶನಿವಾರ, ಭಾನುವಾರ ಬೇಡವೇ ಬೇಡ. ಬೀಗ ನೋಡಿಕೊಂಡು ಬರಬೇಕಾಗುತ್ತದೆ.

ಮೊದಲು ವಿಳಾಸದ ಗೊಂದಲ ಬಿಡಿಸಬೇಕು. ‘ಮಾನಸಗಂಗೋತ್ರಿ, ಮೈಸೂರು 570006’ ಎಂದರೆ ವಿಶ್ವವಿದ್ಯಾನಿಲಯ ಒಂದೇ ಅಲ್ಲ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ, ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಮೂರೂ ಇದೇ ಹೆಸರಿನ ಆಸುಪಾಸಿನವು, ಮೂರೂ ಕೇಂದ್ರ ಸರ್ಕಾರದವು. ಪಕ್ಕದಲ್ಲೇ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ. ಅದು ಇಲ್ಲಿನ ಅಂಚೆ ತೆರಪಿನ ಶಿಕ್ಷಣ ಸಂಸ್ಥೆಯಿಂದಲೇ 1996ರಲ್ಲಿ ಬೇರೆಯಾದದ್ದು, ಅದರ ಆವರಣದ ಹೆಸರು ಮುಕ್ತಗಂಗೋತ್ರಿ. ಆಟೋದವರಿಗೆ ಬರೀ ‘ಗಂಗೋತ್ರಿ’ ಎಂದು ಹೇಳಿ ಮುಕ್ತದ ಗೇಟಿನಲ್ಲಿ ಇಳಿದವರು ಪ್ರತಿ ಬ್ಯಾಚಿನಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಅಂಕಪಟ್ಟಿ, ಶುಲ್ಕ, ಪರೀಕ್ಷೆಯ ತಕರಾರು ಇಂಥ ಆಡಳಿತದ ಕೆಲಸಕ್ಕೆ ಗಂಗೋತ್ರಿಗೆ ಬಂದೂ ಪ್ರಯೋಜನವಿಲ್ಲ. ಆಡಳಿತ ಕಚೇರಿ ಇರುವುದು ಕುಕ್ಕರಹಳ್ಳಿ ಕೆರೆಯ ಆ ಕಡೆ, ಕ್ರಾಫರ್ಡ್ ಹಾಲಿನಲ್ಲಿ. ರೈಲು ಇಳಿದವರು ಅಲ್ಲಿಗೆ ನಡೆದೇ ಹೋಗಬಹುದು.

ಬೆಳಿಗ್ಗೆ ಆರೂಮುಕ್ಕಾಲಿಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಶುರು. ಪೂರ್ತಿ ಸುತ್ತು ಹಾಕಿಸುವುದಿಲ್ಲ. ಐದು ಕಿಲೋಮೀಟರಿನ ಹತ್ತಿರ ಆಗುತ್ತದೆ, ಎಂಟು ಗಂಟೆಗೇ ಎಲ್ಲರಿಗೂ ಹಸಿವು. ಏರಿಯ ಒಂದು ತುಂಡು ನಡೆದರೆ ಸಾಕು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಊರ ಹೊರಗಿನ ಜಮೀನಿಗೆ ನೀರುಣಿಸಲು ಕಟ್ಟಿಸಿದ ಕೆರೆ ಇದು. ಈಗ ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿದೆ. ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿ ಬರಿಗಣ್ಣಿಗೇ ಕಾಣುತ್ತವೆ. ಪರಿಸರ ವಿಜ್ಞಾನದವರಿಗೂ ಪ್ರಾಣಿಶಾಸ್ತ್ರದವರಿಗೂ ಇದು ಹೊಸ್ತಿಲು ದಾಟಿದರೆ ಸಿಗುವ ಕ್ಷೇತ್ರಕಾರ್ಯದ ಜಾಗ. ಒಂದು ಜೊತೆ 8x40 ಬೈನಾಕ್ಯುಲರ್ ಇದ್ದರೆ ಹನ್ನೆರಡು ಜನಕ್ಕೆ ಸಾಲದು, ಎರಡು ಬೇಕು.

ನಡೆಯುವಾಗಲೇ ಇತಿಹಾಸ ಹೇಳಿ ಮುಗಿಸಿಬಿಡುತ್ತೇನೆ, ನಿಲ್ಲಿಸಿಕೊಂಡು ಭಾಷಣ ಮಾಡುವುದಿಲ್ಲ. 1916ರ ಜುಲೈ 27ರಂದು ಆರಂಭ. ನಾಲ್ವಡಿಯವರು ದೊರೆ, ವಿಶ್ವೇಶ್ವರಯ್ಯನವರು ದಿವಾನರು, ಎಚ್.ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿ. ಬ್ರಿಟಿಷರ ನೇರ ಆಡಳಿತದ ಹೊರಗೆ, ಒಂದು ದೇಶೀ ಸಂಸ್ಥಾನದಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ. ನಾಲ್ಕು ದಶಕ ಅದು ಕಾಲೇಜುಗಳಲ್ಲಿ ಹಂಚಿಹೋಗಿತ್ತು. ಸ್ನಾತಕೋತ್ತರ ವಿಭಾಗಗಳನ್ನೆಲ್ಲ ಒಂದೆಡೆ ತಂದು, 1960ರಲ್ಲಿ ಆ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು ಕುವೆಂಪು. ಆಗಿನ ಮಾತಿನಲ್ಲಿ ಅವರು ‘ಉಪಕುಲಪತಿ’. ಈಗ ಅದೇ ಹುದ್ದೆಗೆ ‘ಕುಲಪತಿ’ ಎನ್ನುತ್ತಾರೆ. ಹಳೆಯ ಕಡತ ಓದುವವರಿಗೆ ಈ ವ್ಯತ್ಯಾಸ ಗೊತ್ತಿರದಿದ್ದರೆ ಎಡವಟ್ಟಾಗುತ್ತದೆ.

ತಿಂಡಿ ಮುಗಿಸಿ, ವಿಭಾಗಗಳ ಬಾಗಿಲು ತೆರೆಯುವ ಹೊತ್ತಿಗೆ ಒಳಗೆ. ಜಯಲಕ್ಷ್ಮಿ ವಿಲಾಸ ದಾರಿಯಲ್ಲೇ ಇದೆ. ಹತ್ತನೆಯ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ ಅರಮನೆ. 1960ರ ದಶಕದ ಕೊನೆಯಿಂದ ಜಾನಪದ ವಸ್ತುಸಂಗ್ರಹಾಲಯದ ನೆಲೆ. ತೆರೆದಿದೆಯೇ ಎಂದು ಹಿಂದಿನ ದಿನವೇ ಕೇಳಿಕೊಳ್ಳಬೇಕು. ತೆರೆದಿಲ್ಲವಾದರೆ ಹೊರಗಿನಿಂದ ನೋಡಿ ಮುಂದೆ ಸಾಗಿ.

ಈಗ ನೊಣ. ಇಲ್ಲಿನ ಪ್ರಾಣಿಶಾಸ್ತ್ರ ವಿಭಾಗ ಡ್ರಾಸೊಫಿಲಾ, ಅಂದರೆ ಹಣ್ಣುನೊಣದ ತಳಿವಿಜ್ಞಾನಕ್ಕೆ ದೇಶದಲ್ಲೇ ಹೆಸರಾದದ್ದು, ಎಂ.ಆರ್. ರಾಜಶೇಖರ ಶೆಟ್ಟರು ಹಾಕಿಕೊಟ್ಟ ಪರಂಪರೆ. ತಳಿಗಳನ್ನು ಜೀವಂತವಾಗಿ ಕಾಪಾಡಿ ಬೇರೆ ಕಡೆಗೆ ಒದಗಿಸುವ ಕೇಂದ್ರವೂ ಇಲ್ಲಿದೆ. ಬರೀ ಸೀಸೆಯ ಸಾಲು ತೋರಿಸಿದರೆ ಹೊಸಬರಿಗೆ ಅರ್ಥವಾಗುವುದಿಲ್ಲ. ನೊಣಕ್ಕೆ ಅಡುಗೆ ಮಾಡುವ ದಿನ ಯಾವುದು ಎಂದು ಕೇಳಿ, ಆ ದಿನಕ್ಕೇ ಸುತ್ತನ್ನು ಹೊಂದಿಸಿಕೊಳ್ಳಿ.

ಅಳತೆ ಸುಲಭ: ಒಂದು ಲೀಟರ್ ನೀರು, 100 ಗ್ರಾಂ ಬೆಲ್ಲ, 100 ಗ್ರಾಂ ಗೋಧಿರವೆ, 8 ಗ್ರಾಂ ಅಗರ್ (ಗಟ್ಟಿ ಮಾಡುವ ಕಡಲಪಾಚಿಯ ಪುಡಿ), ಬೂಸಲು ತಡೆಯಲು 7.5 ಮಿಲೀ ಪ್ರೊಪಿಯಾನಿಕ್ ಆಮ್ಲ. ಬೆಲ್ಲ ಕರಗಿಸಿ ಸೋಸಬೇಕು, ಮಂಡ್ಯದ ಒಳ್ಳೆಯ ಬೆಲ್ಲದಲ್ಲೂ ಕಬ್ಬಿನ ಸಿಪ್ಪೆ ಇರುತ್ತದೆ. ರವೆಯನ್ನು ಸ್ವಲ್ಪ ತಣ್ಣೀರಿನಲ್ಲಿ ಕಲಸಿಕೊಂಡು ಹಾಕಿದರೆ ಗಂಟು ಕಟ್ಟದು. ಕೈಬಿಡದೆ ತಿರುವುತ್ತ ಬೇಯಿಸಬೇಕು. ತಳ ಹಿಡಿದರೆ ಪಾತ್ರೆ ತಿಕ್ಕುವುದು ಹೊಸಬರ ಪಾಲಿಗೇ ಬರುತ್ತದೆ. ವಾಸನೆ ಥೇಟ್ ಹಾಲುಬಾಯಿಯದು. ಎಡವುವ ಜಾಗ ಆಮ್ಲ ಹಾಕುವ ಹೊತ್ತು. ಕುದಿಯುವಾಗಲೇ ಸುರಿದರೆ ಆವಿಯಾಗಿ ಕಣ್ಣು ಮೂಗು ಉರಿಸಿ ಹೋಗುತ್ತದೆ, ಆಹಾರದಲ್ಲಿ ಉಳಿಯುವುದಿಲ್ಲ, ನಾಲ್ಕೇ ದಿನಕ್ಕೆ ಬೂಸಲು ಹಿಡಿಯುತ್ತದೆ. ತೀರ ಆರಿದ ಮೇಲೆ ಹಾಕಿದರೆ ಅಗರ್ ಆಗಲೇ ಗಟ್ಟಿಯಾಗತೊಡಗಿರುತ್ತದೆ, ಎಲ್ಲ ಕಡೆ ಬೆರೆಯುವುದಿಲ್ಲ. ಸುಮಾರು 60 ಡಿಗ್ರಿಗೆ ಇಳಿದಾಗ ಹಾಕಬೇಕು. ಸೀಸೆಗೆ ಸುರಿದು, ಮಲ್ಲು ಬಟ್ಟೆ ಮುಚ್ಚಿ ರಾತ್ರಿಯೆಲ್ಲ ಬಿಡಬೇಕು. ಬಿಸಿಯಲ್ಲೇ ಹತ್ತಿ ಬಿರಡೆ ಜಡಿದರೆ ಒಳಗೆ ಬೆವರಿ, ಬಿಟ್ಟ ನೊಣಗಳು ಗೋಡೆಗೆ ಅಂಟಿ ಸಾಯುತ್ತವೆ. ಮರುದಿನ ಒಂದು ಹನಿ ಯೀಸ್ಟು. ಈಥರಿನಲ್ಲಿ ಮತ್ತು ಬರಿಸಿದ ನೊಣಗಳನ್ನು ಹಾಕುವಾಗ ಸೀಸೆ ಮಲಗಿಸಿರಬೇಕು. ನೆಟ್ಟಗಿಟ್ಟರೆ ಎಚ್ಚರವಾಗುವ ಮೊದಲೇ ಆಹಾರದಲ್ಲಿ ಹೂತುಹೋಗುತ್ತವೆ.

ಆಮೇಲಿನದು ಕಾಯುವ ಕೆಲಸ. 22 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣಕ್ಕೆ ಎರಡು ವಾರದ ಆಸುಪಾಸು. ತಳಿಗಳನ್ನು ಅಡ್ಡಹಾಯಿಸಲು ಕನ್ಯೆ ನೊಣ, ಅಂದರೆ ಇನ್ನೂ ಗಂಡಿನೊಡನೆ ಕೂಡದ ಹೆಣ್ಣು, ಬೇಕೆಂದರೆ ಪೊರೆಬಿಟ್ಟು ಹೊರಬಂದ ಎಂಟು ಗಂಟೆಯೊಳಗೆ ಬೇರ್ಪಡಿಸಬೇಕು. ಎಂದರೆ ಬೆಳಿಗ್ಗೆ ಆರಕ್ಕೆ ಒಬ್ಬರು ಲ್ಯಾಬಿನಲ್ಲಿ ಇರಲೇಬೇಕು. ಸಂಶೋಧನೆಯ ಜೀವನ ಹೇಗಿರುತ್ತದೆ ಎಂದು ಕೇಳುವವರಿಗೆ ನನ್ನ ಉತ್ತರ ಈ ಎಂಟು ಗಂಟೆ. ಹಾಸ್ಟೆಲ್ಲಿನ ಊಟದ ಹೊತ್ತು, ಊರಿಗೆ ಹೋಗುವ ಬಸ್ಸು, ಹಬ್ಬ, ಎಲ್ಲವೂ ನೊಣದ ಪಂಚಾಂಗಕ್ಕೆ ಹೊಂದಿಕೊಳ್ಳಬೇಕು.

ಊಟದ ಮೇಲೆ ಗ್ರಂಥಾಲಯ, ಅಲ್ಲಿ ಕುಳಿತೇ ಕಾಗದಪತ್ರದ ಮಾತು. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ಲಿಗೆ ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಆಧಾರಿನಲ್ಲೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಇನಿಷಿಯಲ್ ಬೇರೆ ಬೇರೆ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಮೊದಲ ವಾರವೇ ಸರಿಪಡಿಸಿಕೊಳ್ಳಿ.

ಪಿಎಚ್.ಡಿ.ಯವರು ಯುಜಿಸಿಯ (ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ) 2022ರ ನಿಯಮಾವಳಿಯನ್ನು ಒಮ್ಮೆಯಾದರೂ ತಾವೇ ಓದಬೇಕು, ಸೀನಿಯರ್ ಹೇಳಿದ್ದನ್ನು ನಂಬಿ ಕೂರಬಾರದು. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, ಅದರಲ್ಲಿ 55 ಶೇಕಡಾ ಬರಬೇಕು. ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮಹಿಳೆಯರಿಗೆ ಇನ್ನೆರಡು ವರ್ಷ ಹೆಚ್ಚು ಸಿಗಬಹುದು, ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆ ಉಂಟು. ಪ್ರೊಫೆಸರ್ ಒಬ್ಬರ ಕೈಕೆಳಗೆ ಒಂದು ಹೊತ್ತಿಗೆ ಎಂಟು ಜನ, ಸಹ ಪ್ರಾಧ್ಯಾಪಕರಲ್ಲಿ ಆರು, ಸಹಾಯಕ ಪ್ರಾಧ್ಯಾಪಕರಲ್ಲಿ ನಾಲ್ಕು. ‘ಆ ಮೇಷ್ಟ್ರ ಹತ್ತಿರವೇ ಮಾಡುತ್ತೇನೆ’ ಎಂದು ಹಟ ಹಿಡಿಯುವ ಮೊದಲು ಅವರಲ್ಲಿ ಜಾಗ ಖಾಲಿ ಇದೆಯೇ ಕೇಳಿ. ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000. ಹಣ ತಡವಾಗಿ ಬರಬಹುದೆಂದು ಲೆಕ್ಕ ಹಾಕಿ ಮೂರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಬನ್ನಿ.

ಕನ್ನಡದಲ್ಲಿ ಮಹಾಪ್ರಬಂಧ ಬರೆಯುವವರಿಗೆ ಪ್ರತ್ಯೇಕವಾಗಿ ಒಂದು ಮಾತು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿಸಿದರೆ ಕಣ್ಣಿಗೆ ಕನ್ನಡ ಕಾಣುತ್ತದೆ, ಕಂಪ್ಯೂಟರಿಗೆ ಕಾಣುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಮಹಾಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಏರಿಸಿದರೂ ಅದರೊಳಗಿನ ಒಂದು ಪದ ಹುಡುಕಿದರೆ ಸಿಗುವುದಿಲ್ಲ. ಕೃತಿಚೌರ್ಯ ಪರೀಕ್ಷೆಯ ತಂತ್ರಾಂಶ ಅದನ್ನು ಓದಲಾರದು. ಶೇಕಡಾ 10ರವರೆಗಿನ ಹೋಲಿಕೆಗೆ ದಂಡವಿಲ್ಲ ಎಂಬ ನಿಯಮವಿದ್ದರೂ, ಓದಲಾಗದ ಕಡತದಿಂದ ಬಂದ ಅಂಕಿಗೆ ಅರ್ಥವೇ ಇಲ್ಲ. ಮೊದಲ ಅಧ್ಯಾಯದಿಂದಲೇ ಯೂನಿಕೋಡ್. ಕೊನೆಯಲ್ಲಿ ಪರಿವರ್ತಕದಿಂದ ಬದಲಿಸಿಕೊಳ್ಳೋಣ ಎಂದು ಬಿಟ್ಟರೆ ಅರ್ಕಾವೊತ್ತು ಜಾಗ ತಪ್ಪುತ್ತದೆ, ಅಡಿಟಿಪ್ಪಣಿಯ ಇಂಗ್ಲಿಷ್ ಹೆಸರುಗಳು ಕನ್ನಡದ ಕಸವಾಗುತ್ತವೆ, ಮುನ್ನೂರು ಪುಟವನ್ನು ಮತ್ತೆ ಕೂತು ತಿದ್ದಬೇಕು.

ಎರಡನೆಯ ದಿನ ಕೃಷ್ಣರಾಜ ಬುಲೇವಾರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ. ವಿಶ್ವವಿದ್ಯಾನಿಲಯಕ್ಕಿಂತ ಹಳೆಯದು, 1891ರಲ್ಲಿ ಓರಿಯೆಂಟಲ್ ಲೈಬ್ರರಿಯಾಗಿ ಶುರುವಾದದ್ದು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥಲಿಪಿಯ (ದಕ್ಷಿಣದಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಲಿಪಿ) ತಾಳೆಯೋಲೆಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿದೆ ಎಂದು 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿದ್ದು ಇಲ್ಲೇ. 1909ರಲ್ಲಿ ಮೂಲವನ್ನು ಅಚ್ಚುಮಾಡಿದರು, 1915ರಲ್ಲಿ ಇಂಗ್ಲಿಷಿಗೆ ತಂದರು. ಈ ಕಥೆ ಎಲ್ಲರಿಗೂ ಅಷ್ಟಿಷ್ಟು ಗೊತ್ತಿರುತ್ತದೆ. ಗೊತ್ತಿಲ್ಲದ್ದು ಓಲೆ ಓದುವುದು ಎಂಥ ಮೈಗೆಲಸ ಎನ್ನುವುದು.

ವಿಭಾಗದ ಅಧ್ಯಕ್ಷರ ಪತ್ರವನ್ನು ಮುಂಚೆಯೇ ಕೊಟ್ಟಿರಬೇಕು, ಗುಂಪನ್ನು ನಾಲ್ಕು ನಾಲ್ಕಾಗಿ ಒಡೆಯಬೇಕು. ಓಲೆಯ ಮೇಲೆ ಶಾಯಿಯಿಂದ ಬರೆದಿರುವುದಿಲ್ಲ. ಕಂಟದಿಂದ, ಅಂದರೆ ಚೂಪು ತುದಿಯ ಲೋಹದ ಕಡ್ಡಿಯಿಂದ ಕೊರೆದು, ಗೀರಿನೊಳಗೆ ಕಾಡಿಗೆ ತೀಡಿರುತ್ತಾರೆ. ಕಾಡಿಗೆ ಉದುರಿಹೋದ ಓಲೆ ನೇರ ಬೆಳಕಿಗೆ ಖಾಲಿಯಂತೆ ಕಾಣುತ್ತದೆ. ಓರೆ ಬೆಳಕು ಬಿದ್ದರೆ ಗೀರಿನ ನೆರಳಲ್ಲಿ ಅಕ್ಷರ ಎದ್ದು ಬರುತ್ತದೆ. ಹೊಸಬರು ‘ಓ’ ಎನ್ನುವುದು ಆ ಗಳಿಗೆಯಲ್ಲಿ. ಒಣಗಿದ ಓಲೆ ಹಪ್ಪಳದಂತೆ ಮುರಿಯುತ್ತದೆ, ಅದಕ್ಕೇ ನಿಂಬೆಹುಲ್ಲಿನ ಜಾತಿಯ ಎಣ್ಣೆ ಸವರಿ ಮೆದು ಮಾಡುತ್ತಾರೆ. ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ, ಎಲ್ಲಿ ಒಡೆಯಬೇಕೆಂಬುದು ಓದುವವರ ವ್ಯಾಕರಣಕ್ಕೆ ಬಿಟ್ಟದ್ದು. ದಾರ ಪೋಣಿಸಿದ ತೂತಿನ ಸುತ್ತ ಬಿಟ್ಟಿರುವ ಖಾಲಿ ಚೌಕವನ್ನು ಅಳಿಸಿಹೋದ ಪಾಠವೆಂದು ತಿಳಿಯಬಾರದು.

ನೋಡುವವರ ಕೈ ಒಣಗಿರಬೇಕು, ಬಳೆ ಉಂಗುರ ತೆಗೆದಿಟ್ಟಿರಬೇಕು, ಕಟ್ಟನ್ನು ಅಲ್ಲಿನ ಸಿಬ್ಬಂದಿಯೇ ಬಿಚ್ಚಲಿ. ಓಲೆಗಳ ಅನುಕ್ರಮ ಒಮ್ಮೆ ತಪ್ಪಿದರೆ ಸಂಖ್ಯೆ ಹಾಕಿದ ಅಂಚು ಹುಳು ತಿಂದ ಕಟ್ಟಿನಲ್ಲಿ ಮತ್ತೆ ಜೋಡಿಸಲು ವಾರಗಳು ಹಿಡಿಯುತ್ತವೆ. ಫೋಟೊಕ್ಕೆ ಬೇರೆ ಅನುಮತಿ ಬೇಕು, ಅದನ್ನು ಬಾಗಿಲ ಹೊರಗೇ ಹೇಳಿ ಫೋನುಗಳನ್ನು ಚೀಲಕ್ಕೆ ಹಾಕಿಸುತ್ತೇನೆ.