ಮೈಕ್ ಮುಂದೆ ತೇಗು ಬಾರದಿರಲು

ಭಾಷಣದ ಹೊತ್ತಿಗೆ ತೇಗು ಬಂದರೆ ಎಲ್ಲರೂ ಬೆಳಗಿನ ತಿಂಡಿಯನ್ನು ದೂರುತ್ತಾರೆ. ಆದರೆ ತೇಗಾಗಿ ಬರುವುದು ಬಹುಪಾಲು ನಾವೇ ನುಂಗಿದ ಗಾಳಿ. ಅದು ಜಠರದ ಮೇಲ್ಭಾಗದಲ್ಲಿ ಸೇರಿಕೊಳ್ಳುತ್ತದೆ. ಜಠರ ಹಿಗ್ಗಿದಾಗ ಅನ್ನನಾಳದ ತಳದಲ್ಲಿರುವ ಸ್ನಾಯುವಿನ ಬಿಗಿ ಸಡಿಲಗೊಂಡು ಗಾಳಿ ಮೇಲೇರುತ್ತದೆ. ಅಳುಕಿದ್ದವರಿಗೆ ಬಾಯಿ ಒಣಗುತ್ತದೆ, ಪದೇ ಪದೇ ಉಗುಳು ನುಂಗುತ್ತಾರೆ, ಜೊತೆಗೆ ಗಾಳಿಯೂ ಒಳಹೋಗುತ್ತದೆ. ಅವರೆಕಾಳು, ಹುರುಳಿಯನ್ನು ಬೈದು ಪ್ರಯೋಜನವಿಲ್ಲ. ಅವುಗಳ ವಾಯು ಹುಟ್ಟುವುದು ದೊಡ್ಡ ಕರುಳಿನಲ್ಲಿ, ಅದು ಹೊರಬೀಳುವ ದಾರಿಯೂ ಬೇರೆ.

ಮೊದಲ ಹೆಜ್ಜೆ ತಿಂಡಿಯ ಸಮಯ. ಮಾತು ಹನ್ನೊಂದಕ್ಕಿದ್ದರೆ ಎಂಟರೊಳಗೆ ತಿಂದು ಮುಗಿಸಿ. ಗಟ್ಟಿ ಆಹಾರ ಜಠರದಿಂದ ಕೆಳಗಿಳಿಯಲು ಸುಮಾರು 2ರಿಂದ 4 ಗಂಟೆ ಬೇಕು, ಎಣ್ಣೆ ಹೆಚ್ಚಿದಷ್ಟೂ ತಡ. ಹಾಗಾಗಿ ಎರಡು ಮೂರು ಇಡ್ಲಿ ಸಾಕು, ಪೂರಿ-ಸಾಗು ಸಂಜೆಗಿರಲಿ. ಕೂತು, 15–20 ನಿಮಿಷ ತೆಗೆದುಕೊಂಡು ಅಗಿದು ತಿನ್ನಿ. ಫೋನಿನಲ್ಲಿ ಮಾತಾಡುತ್ತ ತಿಂದರೆ ತುತ್ತಿಗಿಂತ ಗಾಳಿಯೇ ಹೆಚ್ಚು ಹೋಗುತ್ತದೆ.

ನೀರಿನ ವಿಷಯದಲ್ಲಿ ನಮ್ಮ ರೂಢಿಯೇ ಅಡ್ಡ ಬರುತ್ತದೆ. ಬಾಟಲಿ ಎತ್ತಿ ಬಾಯಿಗೆ ಸುರಿದುಕೊಂಡು ಗಟಗಟ ಕುಡಿದರೆ ಪ್ರತಿ ಗುಟುಕಿಗೂ ಗಾಳಿ ಸೇರುತ್ತದೆ, ಸ್ಟ್ರಾ ಕೂಡ ಅಷ್ಟೇ. ಲೋಟಕ್ಕೆ ತುಟಿ ಹಚ್ಚಿ ಕುಡಿಯಿರಿ. ಎಂಜಲೆನ್ನುವವರು ಸ್ವಂತ ಲೋಟ ಒಯ್ಯಲಿ. ಒಂದು ಗಂಟೆ ಮುಂಚೆ 200 ಮಿಲಿಲೀಟರ್, ಆಮೇಲೆ ಗಂಟಲು ಒಣಗಿದಾಗ ಒಂದೊಂದು ಸಣ್ಣ ಗುಟುಕು ಮಾತ್ರ.

ಕೊನೆಯ ಎರಡು ಗಂಟೆಯಲ್ಲಿ ಸೋಡಾ, ಕೋಲಾ ಬೇಡವೆಂದು ಹೇಳಬೇಕಿಲ್ಲ. ಆದರೆ 'ಹೊಟ್ಟೆ ಹಗುರಾಗಲಿ' ಎಂದು ನೊರೆಯುಕ್ಕುವ ಆಂಟಾಸಿಡ್ ಪುಡಿ ಕುಡಿಯುವವರು ಬಹಳ. ಅದರಲ್ಲಿರುವ ಅಡಿಗೆ ಸೋಡಾ ಜಠರದ ಆಮ್ಲದೊಂದಿಗೆ ಸೇರಿ ಇಂಗಾಲದ ಡೈಆಕ್ಸೈಡ್ ಹುಟ್ಟಿಸುತ್ತದೆ, ಅಂದರೆ ತೇಗನ್ನೇ ಕುಡಿದಂತೆ. ಪೆಪ್ಪರ್‌ಮಿಂಟ್ ಚಪ್ಪರಿಸುವುದೂ ತಪ್ಪು ಲೆಕ್ಕವೇ, ಪುದೀನದ ಎಣ್ಣೆ ಅನ್ನನಾಳದ ಆ ಸ್ನಾಯುವನ್ನು ಸಡಿಲಿಸುತ್ತದೆ. ಚೂಯಿಂಗ್ ಗಮ್, ಸಿಗರೇಟು ಎರಡೂ ಗಾಳಿ ನುಂಗಿಸುತ್ತವೆ. ಸಿಮೆಥಿಕೋನ್ ಮಾತ್ರೆ ಸಣ್ಣ ಗುಳ್ಳೆಗಳನ್ನು ಕೂಡಿಸಿ ತೇಗು ಸಲೀಸಾಗಿ ಬರುವಂತೆ ಮಾಡುತ್ತದೆ. ಆದ್ದರಿಂದ ಬೇಕಿದ್ದರೆ ತಿಂಡಿಯಾದ ಕೂಡಲೇ ತೆಗೆದುಕೊಳ್ಳಿ, ವೇದಿಕೆಯ ಪಕ್ಕದಲ್ಲಿ ನಿಂತು ಬೇಡ.

ಅರ್ಧ ಗಂಟೆ ಉಳಿದಾಗ ಹತ್ತು ನಿಮಿಷ ನಿಧಾನವಾಗಿ ಅಡ್ಡಾಡಿ. ಬೆಲ್ಟನ್ನು ಒಂದು ತೂತು ಸಡಿಲಿಸಿ, ಸೀರೆಯುಟ್ಟವರು ಲಂಗದ ಲಾಡಿಯನ್ನು. ಹೊಟ್ಟೆಯ ಮೇಲೆ ಒತ್ತಡವಿದ್ದರೆ ಗಾಳಿ ಮೇಲೇ ತಳ್ಳಿಸಿಕೊಳ್ಳುತ್ತದೆ. ತೇಗು ತಾನಾಗಿ ಬಂದರೆ ಬರಲಿ, ಒತ್ತಾಯದಿಂದ ಬರಿಸಬೇಡಿ: ಬರಿಸಲು ಎಳೆದುಕೊಂಡ ಗಾಳಿಯೇ ಮುಂದಿನ ತೇಗಿಗೆ ದಾರಿ.

ಉಳಿದ ಹೊತ್ತಿನಲ್ಲಿ ಐದು ನಿಮಿಷ ಉಸಿರಾಟ. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ. ಮೂಗಿನಿಂದ ನಾಲ್ಕು ಎಣಿಕೆ ಒಳಕ್ಕೆ, ಆರು ಎಣಿಕೆ ಹೊರಕ್ಕೆ. ಕೆಳಗಿನ ಕೈ ಮಾತ್ರ ಏಳಬೇಕು. ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ, ಬಾಯಿ ತುಸು ತೆರೆದಿರಲಿ. ಆ ಸ್ಥಿತಿಯಲ್ಲಿ ನುಂಗುವುದು ಕಷ್ಟ, ಇದರ ಉಪಯೋಗವೂ ಅದೇ.

ಕೆಲವರಲ್ಲಿ ಗಾಳಿ ಜಠರದವರೆಗೂ ಹೋಗದೆ ಅನ್ನನಾಳದಿಂದಲೇ ಮರಳುತ್ತದೆ. ನಿಮಿಷಕ್ಕೆ ಹಲವು ತೇಗು, ಮಾತಿಗಿಳಿದರೆ ಅಥವಾ ನಿದ್ದೆ ಹತ್ತಿದರೆ ಬಂದ್. ಇದು ಗೊತ್ತಿಲ್ಲದೆ ಅಂಟಿದ ಅಭ್ಯಾಸ. ಮೇಲಿನ ಉಸಿರಾಟವನ್ನು ದಿನವೂ ಮಾಡಿದರೆ ತಗ್ಗುತ್ತದೆ. ನುಂಗಲು ತೊಂದರೆ, ಎದೆನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ, ಇವುಗಳಲ್ಲಿ ಒಂದಿದ್ದರೂ ವೈದ್ಯರಿಗೆ ತೋರಿಸಿ.

ಇಷ್ಟಾದರೂ ಮಾತಿನ ನಡುವೆ ಬಂದೇಬಿಟ್ಟರೆ ವಾಕ್ಯ ಮುಗಿಸುವ ಹಠ ಬೇಡ. ಬಾಯಿ ಮುಚ್ಚಿ, ಮುಖವನ್ನು ಮೈಕಿನಿಂದ ಒಂದು ಗೇಣು ಪಕ್ಕಕ್ಕೆ ತಿರುಗಿಸಿ ಗಾಳಿಯನ್ನು ಮೂಗಿನಲ್ಲಿ ಬಿಡಿ. ಟಿಪ್ಪಣಿಯ ಹಾಳೆ ಮಗುಚುವಷ್ಟು ಹೊತ್ತು ಸಾಕು. ಕಾಲರಿಗೆ ಸಿಕ್ಕಿಸುವ ಮೈಕಾದರೆ ಮುಖ ತಿರುಗಿಸಿ ಪ್ರಯೋಜನವಿಲ್ಲ, ಅಂಗೈಯಿಂದ ಮೈಕನ್ನು ಮುಚ್ಚಬೇಕು.