‘ಪರವಾಗಿಲ್ಲ’ ಎಂದರೆ ಇಲ್ಲಿ ನಂಬಿಬಿಡುತ್ತಾರೆ: ಇಂಗ್ಲೆಂಡಿನಲ್ಲಿ ಎಂಡೊಮೆಟ್ರಿಯೋಸಿಸ್ ಚಿಕಿತ್ಸೆಯ ದಾರಿ

ಇಂಗ್ಲೆಂಡಿಗೆ ಬಂದ ಮೊದಲ ವರ್ಷ ಜಿಪಿ, ಅಂದರೆ ಇಲ್ಲಿ ಮೊದಲು ಕಾಣಬೇಕಾದ ಸಾಮಾನ್ಯ ವೈದ್ಯರ ಬಳಿ ಮೂರು ಸಲ ಹೋದೆ. ಮೂರು ಸಲವೂ ‘ಮುಟ್ಟಿನ ಹೊತ್ತಿಗೆ ಸ್ವಲ್ಪ ಹೊಟ್ಟೆನೋವು, ಪರವಾಗಿಲ್ಲ’ ಎಂದೆ. ಅದೇ ತಿಂಗಳು ಒಂದು ರಾತ್ರಿಯಿಡೀ ಸ್ನಾನದ ಮನೆಯ ನೆಲದ ಮೇಲೆ ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮಲಗಿದ್ದೆ, ಅದನ್ನು ಹೇಳಲಿಲ್ಲ. ಹೇಳದೆಯೇ ಅರ್ಥ ಮಾಡಿಕೊಳ್ಳಲಿ ಎಂದುಕೊಂಡಿದ್ದೆನೋ ಏನೋ. ವೈದ್ಯರು ನಾನು ಹೇಳಿದ್ದನ್ನೇ ಬರೆದುಕೊಂಡರು: ಸ್ವಲ್ಪ ನೋವು.

ನಾಲ್ಕನೆಯ ಸಲ ಒಂದು ಪುಟ್ಟ ನೋಟ್‌ಬುಕ್ ಒಯ್ದೆ. ‘ಮಾರ್ಚ್ 4, ಕಚೇರಿಗೆ ರಜೆ. ಮಾರ್ಚ್ 5, ಮೂರು ಐಬುಪ್ರೊಫೇನ್, ಕೂರಲಾಗದೆ ನಿಂತೇ ಕೆಲಸ. ಮಾರ್ಚ್ 6, ಶೌಚಕ್ಕೆ ಕೂತಾಗ ಚೂರಿ ಹಾಕಿದಂತೆ.’ ಮೂರು ತಿಂಗಳದ್ದು ಹೀಗೆಯೇ ಇತ್ತು. ವೈದ್ಯರು ಪುಟ ತಿರುವಿ ನೋಡಿ, ಅಂದೇ ಸ್ಕ್ಯಾನ್‌ಗೆ ಬರೆದರು. ಆ ನಾಲ್ಕು ಭೇಟಿಗಳಲ್ಲಿ ನನ್ನ ಕಾಯಿಲೆ ಬದಲಾಗಿರಲಿಲ್ಲ, ಕಡತದಲ್ಲಿ ಬಿದ್ದ ಮಾತು ಬದಲಾಗಿತ್ತು.

ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ, ಅಂಡಾಶಯದ ಮೇಲೋ ಕರುಳಿನ ಗೋಡೆಗೋ ಮೂತ್ರಕೋಶದ ಸುತ್ತಲೋ ಬೆಳೆಯುವುದೇ ಎಂಡೊಮೆಟ್ರಿಯೋಸಿಸ್. ಹೆರುವ ವಯಸ್ಸಿನ ಸುಮಾರು ಹತ್ತು ಹೆಂಗಸರಲ್ಲಿ ಒಬ್ಬರಿಗೆ ಇದೆ. ಆದರೂ ಎಂಡೊಮೆಟ್ರಿಯೋಸಿಸ್ ಯುಕೆ ಎಂಬ ಸೇವಾಸಂಸ್ಥೆಯ 2024ರ ವರದಿಯಂತೆ, ಈ ದೇಶದಲ್ಲಿ ರೋಗ ಪತ್ತೆಯಾಗಲು ಸರಾಸರಿ 8 ವರ್ಷ 10 ತಿಂಗಳು ಹಿಡಿಯುತ್ತದೆ. ‘ಎಲ್ಲರಿಗೂ ಇರುವುದೇ’ ಎಂದು ಹೇಳುವವರು ನಮ್ಮ ಮನೆಗಳಲ್ಲಿ ಮಾತ್ರ ಇಲ್ಲ ಎಂದಾಯಿತು.

ಊರಿನಲ್ಲಿ ನೇರವಾಗಿ ಸ್ತ್ರೀರೋಗ ತಜ್ಞರ ಬಾಗಿಲು ತಟ್ಟಬಹುದು. ಇಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ತಜ್ಞರು ಸಿಗಬೇಕಾದರೆ ಜಿಪಿ ಪತ್ರ ಬರೆಯಬೇಕು. ಜಿಪಿ ಭೇಟಿ ಸಾಮಾನ್ಯವಾಗಿ ಹತ್ತು ನಿಮಿಷದ್ದು, ಆದ್ದರಿಂದ ಮೊದಲ ಎರಡು ವಾಕ್ಯದಲ್ಲೇ ಮುಖ್ಯ ವಿಷಯ ಬರಲಿ: ನೋವು ನಿಮ್ಮಿಂದ ಏನೇನನ್ನು ಕಿತ್ತುಕೊಂಡಿದೆ ಎಂಬುದು. ಎಷ್ಟು ದಿನ ರಜೆ, ಎಷ್ಟು ಗುಳಿಗೆ, ಲೈಂಗಿಕ ಸಂಪರ್ಕದ ವೇಳೆ ನೋವಿದೆಯೇ, ಮಲಮೂತ್ರ ವಿಸರ್ಜನೆಗೆ ಹೋದಾಗ ನೋವಿದೆಯೇ, ಮಗುವಿಗಾಗಿ ಎಷ್ಟು ಕಾಲದಿಂದ ಪ್ರಯತ್ನಿಸುತ್ತಿದ್ದೀರಿ. ಸಂಕೋಚವಾದರೆ ಬರೆದುಕೊಂಡು ಹೋಗಿ ಚೀಟಿಯನ್ನೇ ಮುಂದಿಡಿ. ಮಹಿಳಾ ವೈದ್ಯರು ಬೇಕೆಂದು ಕೇಳಬಹುದು, ಪರೀಕ್ಷೆಯ ವೇಳೆ ಜೊತೆಗೊಬ್ಬರು ಇರಲಿ ಎನ್ನಬಹುದು. ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಬೇಡವೆಂದರೆ ಹೊಟ್ಟೆಯ ಮೇಲಿನಿಂದ ಮಾಡುವಂತೆ ಕೇಳಬಹುದು. ಮದುವೆಯಾಗದ ಹುಡುಗಿಯರು ಇದೊಂದೇ ಭಯದಿಂದ ಸ್ಕ್ಯಾನ್ ತಪ್ಪಿಸಿಕೊಳ್ಳುವುದನ್ನು ಕಂಡಿದ್ದೇನೆ. ಇಂಗ್ಲಿಷ್ ಕಷ್ಟವಾದರೆ ಮೊದಲೇ ತಿಳಿಸಿ, ದುಭಾಷಿಯನ್ನು ಅವರೇ ಉಚಿತವಾಗಿ ಗೊತ್ತುಮಾಡಬೇಕು. ಗಂಡನನ್ನೋ ಅತ್ತೆಯನ್ನೋ ದುಭಾಷಿ ಮಾಡಿಕೊಳ್ಳಬೇಡಿ. ಅರ್ಧ ಮಾತು ಗಂಟಲಲ್ಲೇ ಉಳಿಯುತ್ತದೆ.

ಸ್ಕ್ಯಾನ್ ಸರಿಯಾಗಿದೆ ಎಂದು ಬಂದರೆ ಅಲ್ಲಿಗೆ ಬಿಡಬೇಡಿ. ವೈದ್ಯರಿಗೆ ದಾರಿ ತೋರುವ ನೈಸ್ ಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ: ಸ್ಕ್ಯಾನ್, ಎಂಆರ್‌ಐ ಎರಡರಲ್ಲೂ ಏನೂ ಕಾಣದಿದ್ದರೂ ಎಂಡೊಮೆಟ್ರಿಯೋಸಿಸ್ ಇಲ್ಲವೆಂದು ತೀರ್ಮಾನಿಸಬಾರದು. ಸಿಎ-125 ರಕ್ತಪರೀಕ್ಷೆಯಿಂದಲೂ ಇದನ್ನು ನಿರ್ಧರಿಸಬಾರದು ಎಂದಿದೆ. ‘ಮಾರ್ಗಸೂಚಿಯಲ್ಲಿ ಹೀಗಿದೆಯಲ್ಲವೇ’ ಎಂದು ಮೆತ್ತಗೆ ಕೇಳಿದರೆ ಸಾಕು, ಜಗಳ ಬೇಕಾಗುವುದಿಲ್ಲ.

ತಜ್ಞರಿಗೆ ಕಳುಹಿಸುವಾಗ ಯಾವ ಆಸ್ಪತ್ರೆ ಎಂಬುದನ್ನು ಆರಿಸುವ ಹಕ್ಕು ಇಂಗ್ಲೆಂಡಿನಲ್ಲಿ ನಿಮಗಿದೆ. ಮನೆಗೆ ಹತ್ತಿರದ್ದೇ ಆಗಬೇಕಿಲ್ಲ. ಎರಡು ಸ್ಟೇಷನ್ ಆಚೆಯ ಆಸ್ಪತ್ರೆಯಲ್ಲಿ ಸರದಿ ಬೇಗ ಬಂದರೆ ಅಲ್ಲಿಗೇ ಹೋಗಿ. ಕರುಳು, ಮೂತ್ರನಾಳಗಳವರೆಗೆ ಆಳವಾಗಿ ಇಳಿದ ಕಾಯಿಲೆಯ ಅನುಮಾನವಿದ್ದರೆ ಎಂಡೊಮೆಟ್ರಿಯೋಸಿಸ್‌ಗೆಂದೇ ಮಾನ್ಯತೆ ಪಡೆದ ಕೇಂದ್ರವನ್ನು ಕೇಳಿ; ಅಲ್ಲಿ ಕರುಳಿನ ಶಸ್ತ್ರಚಿಕಿತ್ಸಕರೂ ತಂಡದಲ್ಲಿರುತ್ತಾರೆ, ಈ ಕಾಯಿಲೆಗೆಂದೇ ಇರುವ ನರ್ಸ್ ಕೂಡ. ಚಿಕಿತ್ಸೆ 18 ವಾರಗಳೊಳಗೆ ಆರಂಭವಾಗಬೇಕೆಂಬುದು ಕಾಗದದ ಮೇಲಿನ ಗುರಿ. ಅದಕ್ಕಿಂತ ಹೆಚ್ಚು ಕಾಯಲು ಮನಸ್ಸು ಗಟ್ಟಿ ಮಾಡಿಕೊಂಡಿರಿ. ಡಿಸೆಂಬರಿನಲ್ಲಿ ಊರಿಗೆ ಹೊರಡುವ ಮುನ್ನ ಆಸ್ಪತ್ರೆಗೆ ತಿಳಿಸುವುದನ್ನು ಮರೆಯಬೇಡಿ. ಹೇಳದೆ ಭೇಟಿ ತಪ್ಪಿಸಿದರೆ ಪಟ್ಟಿಯಿಂದ ಹೆಸರು ತೆಗೆದು ಮತ್ತೆ ಜಿಪಿ ಬಳಿಗೇ ಕಳುಹಿಸುವುದುಂಟು.

ಇನ್ನು ಚಿಕಿತ್ಸೆ. ಯಾವುದು ಒಳ್ಳೆಯದು ಎಂದು ಕೇಳುವುದಕ್ಕಿಂತ, ಸದ್ಯ ನನಗೆ ಬೇಕಾದದ್ದೇನು ಎಂದು ಕೇಳಿಕೊಳ್ಳುವುದು ಸರಿ. ನೋವು ಇಳಿಯಬೇಕೇ, ಮಗು ಬೇಕೇ, ಎರಡೂ ಬೇಕೇ? ಉತ್ತರಕ್ಕೆ ತಕ್ಕಂತೆ ದಾರಿ ಕವಲೊಡೆಯುತ್ತದೆ.

ನೋವು ನಿವಾರಕಗಳನ್ನು ನೋವು ಏರಿದ ಮೇಲೆ ನುಂಗುವುದಕ್ಕಿಂತ ಏರುವ ಮೊದಲೇ ಶುರು ಮಾಡುವುದು ವಾಸಿ; ಆಸ್ತಮಾ, ಹೊಟ್ಟೆಹುಣ್ಣು ಇರುವವರು ಮೊದಲು ವೈದ್ಯರನ್ನು ಕೇಳಬೇಕು. ಅದರ ಮುಂದಿನದು ಹಾರ್ಮೋನ್: ಗುಳಿಗೆ, ಗರ್ಭಕೋಶದೊಳಗೆ ಇಡುವ ಕಾಯಿಲ್, ತೋಳಿನ ಚರ್ಮದಡಿ ಇಡುವ ಇಂಪ್ಲಾಂಟ್. ‘ಮದುವೆಯಾಗದ ಹುಡುಗಿಗೆ ಗರ್ಭನಿರೋಧಕವೇ’ ಎಂದು ಫೋನಿನ ಆ ತುದಿಯಲ್ಲಿ ಅಮ್ಮ ಗಾಬರಿಯಾಗುವುದು ಇಲ್ಲೇ. ಕಾಯಿಲೆಯ ಚುರುಕನ್ನು ತಗ್ಗಿಸಲು ಕೊಡುವ ಔಷಧ ಇದು, ಮುಂದೆ ಮಗುವಾಗುವ ಶಕ್ತಿಯನ್ನು ಕಸಿಯುವುದಿಲ್ಲ. ಗರ್ಭನಿರೋಧಕ ಚುಚ್ಚುಮದ್ದನ್ನು ತೆಗೆದುಕೊಂಡು ನಿಲ್ಲಿಸಿದ ಮೇಲೆ ಮಾತ್ರ ಗರ್ಭ ನಿಲ್ಲಲು ಒಂದು ವರ್ಷದವರೆಗೂ ತಡವಾಗಬಹುದು, ಮಗುವಿನ ಯೋಚನೆಯಲ್ಲಿರುವವರು ಇದನ್ನು ಗಮನದಲ್ಲಿಡಬೇಕು. ಮೈಗ್ರೇನ್ ಬರುವ ಮುನ್ನ ಕಣ್ಣೆದುರು ಮಿಂಚು, ಅಂಕುಡೊಂಕು ಗೆರೆ ಕಾಣುವವರು ಅದನ್ನು ತಪ್ಪದೆ ಹೇಳಬೇಕು. ಎರಡು ಹಾರ್ಮೋನ್ ಬೆರೆತ ಗುಳಿಗೆ ಅವರಿಗೆ ಅಪಾಯ.

ಇವು ಹಿಡಿಯದಿದ್ದರೆ ಮುಟ್ಟನ್ನೇ ತಾತ್ಕಾಲಿಕವಾಗಿ ನಿಲ್ಲಿಸುವ ಬಲವಾದ ಔಷಧಗಳಿವೆ. ಮೈ ಬಿಸಿಯೇರುವುದು, ನಿದ್ದೆಗೆಡುವುದು, ಮೂಳೆ ಸವೆಯುವುದು ಇವುಗಳ ಬೆಲೆ. ಅದಕ್ಕೇ ಜೊತೆಗೆ ಸ್ವಲ್ಪ ಹಾರ್ಮೋನ್ ಕೊಡುತ್ತಾರೆ. ಎರಡನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿದ ರೆಲುಗೋಲಿಕ್ಸ್‌ಗೆ 2025ರಲ್ಲಿ ನೈಸ್ ಒಪ್ಪಿಗೆ ಕೊಟ್ಟಿತು, ಹಿಂದಿನ ಔಷಧ ಅಥವಾ ಶಸ್ತ್ರಚಿಕಿತ್ಸೆ ಫಲ ಕೊಡದವರಿಗೆ.

ಮಗುವಿಗಾಗಿ ಪ್ರಯತ್ನಿಸುತ್ತಿದ್ದರೆ ಹಾರ್ಮೋನ್‌ಗಳಿಂದ ಪ್ರಯೋಜನವಿಲ್ಲ. ಅವು ಇರುವಷ್ಟು ಕಾಲ ಸಾಮಾನ್ಯವಾಗಿ ಗರ್ಭ ನಿಲ್ಲುವುದಿಲ್ಲ. ಆಗ ಲ್ಯಾಪ್ರೊಸ್ಕೋಪಿಯ ಮಾತು ಬರುತ್ತದೆ. ಹೊಕ್ಕುಳ ಬಳಿ ಸಣ್ಣ ಗಾಯ ಮಾಡಿ ಕ್ಯಾಮೆರಾ ಇಳಿಸಿ ನೋಡುತ್ತಾರೆ, ಸಾಧ್ಯವಾದರೆ ಆಗಲೇ ತೆಗೆಯುತ್ತಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ನಾನು ಕೇಳದೆ ಪೇಚಾಡಿದ ಪ್ರಶ್ನೆಗಳನ್ನು ನೀವು ಕೇಳಿ. ಬರೀ ನೋಡುತ್ತೀರೋ, ಕಂಡದ್ದನ್ನು ತೆಗೆಯುತ್ತೀರೋ? ಸುಡುತ್ತೀರೋ, ಕತ್ತರಿಸುತ್ತೀರೋ? ಅಂಡಾಶಯದ ಚಾಕೊಲೇಟ್ ಸಿಸ್ಟ್ (ಹಳೆಯ ರಕ್ತ ತುಂಬಿದ ಗುಳ್ಳೆ) ತೆಗೆದರೆ ಅಂಡಗಳ ಸಂಗ್ರಹ ಎಷ್ಟು ಕುಗ್ಗಬಹುದು? ಕಡೆಯದು ಬಹಳ ಮುಖ್ಯ, ಏಕೆಂದರೆ ಸಿಸ್ಟ್ ತೆಗೆಯುವಾಗ ಒಳ್ಳೆಯ ಅಂಗಾಂಶವೂ ಸ್ವಲ್ಪ ಹೋಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಕಾಯಿಲೆ ಮರಳಬಹುದು. ಗರ್ಭಕೋಶವನ್ನೇ ತೆಗೆಸಿದರೂ ಹೊರಗೆ ಬೆಳೆದದ್ದು ಉಳಿದಿದ್ದರೆ ನೋವು ಉಳಿಯಬಹುದು. ‘ತೆಗೆಸಿಬಿಡು, ಪೀಡೆ ಕಳೆಯುತ್ತದೆ’ ಎನ್ನುವ ಹಿತೈಷಿಗಳಿಗೆ ಇದನ್ನು ತಿಳಿಸಿ.

ಈಗ ವೀಸಾದ ಮಾತು, ಇದು ಯಾರೂ ಮೊದಲೇ ಹೇಳುವುದಿಲ್ಲ. ವೀಸಾದ ಜೊತೆ ಪ್ರತಿ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಾದರೆ 776 ಪೌಂಡ್, ಆರೋಗ್ಯ ಶುಲ್ಕ ಕಟ್ಟಿರುತ್ತೇವೆ. ಜಿಪಿ, ತಜ್ಞರು, ಸ್ಕ್ಯಾನ್, ಶಸ್ತ್ರಚಿಕಿತ್ಸೆ ಎಲ್ಲಕ್ಕೂ ಅದು ಸಾಕು. ಆದರೆ ಐವಿಎಫ್‌ಗೆ, ಅಂದರೆ ಪ್ರನಾಳ ಶಿಶು ಚಿಕಿತ್ಸೆಗೆ, ಸಾಲದು: 2017ರ ಆಗಸ್ಟ್‌ನಿಂದ ಇಂಗ್ಲೆಂಡಿನಲ್ಲಿ ಈ ಶುಲ್ಕದ ಮೇಲೆ ಇರುವವರಿಗೆ ಎನ್‌ಎಚ್‌ಎಸ್ ಖರ್ಚಿನಲ್ಲಿ ಐವಿಎಫ್ ಇಲ್ಲ. ಅಂಡಾಶಯಕ್ಕೆ ಕತ್ತರಿ ಇಡುವ ಮೊದಲು ದಂಪತಿ ಕೂತು ಈ ಲೆಕ್ಕ ಹಾಕಬೇಕು. ಔಷಧಕ್ಕೆ ಇಂಗ್ಲೆಂಡಿನಲ್ಲಿ ಒಂದೊಂದಕ್ಕೆ 9.90 ಪೌಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಉಚಿತ. ಗರ್ಭನಿರೋಧಕವಾಗಿ ಬರೆದುಕೊಟ್ಟದ್ದಕ್ಕೆ ದುಡ್ಡಿಲ್ಲ. ತಿಂಗಳಿಗೆ ಎರಡು ಮೂರು ಔಷಧ ಬೇಕಾಗುವವರು ವರ್ಷಕ್ಕೊಮ್ಮೆ 114.50 ಪೌಂಡ್ ಮುಂಗಡ ಕಟ್ಟುವುದು ಅಗ್ಗ.

ಪ್ರಾಯೋಜಿತ ಕೆಲಸದ ವೀಸಾದಲ್ಲಿರುವವರಿಗೆ ರಜೆ ಹಾಕಲೂ ಹೆದರಿಕೆ. ವರ್ಷದಲ್ಲಿ ನಾಲ್ಕು ವಾರಕ್ಕಿಂತ ಹೆಚ್ಚು ಸಂಬಳವಿಲ್ಲದೆ ಇದ್ದರೆ ತೊಂದರೆ ಎಂಬ ನಿಯಮವಿದೆ ನಿಜ, ಆದರೆ ಅನಾರೋಗ್ಯದ ರಜೆಗೆ ಅದರಿಂದ ವಿನಾಯಿತಿ ಇದೆ. ಏಳು ದಿನದವರೆಗೆ ನೀವೇ ಬರೆದುಕೊಟ್ಟರೆ ಸಾಕು, ಅದಕ್ಕೂ ಮೇಲ್ಪಟ್ಟರೆ ಜಿಪಿಯಿಂದ ಫಿಟ್ ನೋಟ್, ಅಂದರೆ ಅನಾರೋಗ್ಯದ ಚೀಟಿ, ಬೇಕು. ಕಾಯಿಲೆ ವರ್ಷಗಟ್ಟಲೆ ದಿನನಿತ್ಯದ ಬದುಕನ್ನು ಕೆಡಿಸಿದ್ದರೆ 2010ರ ಸಮಾನತಾ ಕಾಯ್ದೆಯಡಿ ಅಂಗವೈಕಲ್ಯವೆಂದು ಪರಿಗಣಿತವಾಗಬಹುದು. ಆಗ ಮನೆಯಿಂದ ಕೆಲಸ, ಬದಲಿ ಸಮಯದಂಥ ಅನುಕೂಲಗಳನ್ನು ಕೇಳಬಹುದು. ಕೇಳುವುದನ್ನು ಇಮೇಲಿನಲ್ಲಿ ಕೇಳಿ.

ಹಠಾತ್ತನೆ ತಡೆಯಲಾಗದ ನೋವು, ತಲೆಸುತ್ತಿ ಬೀಳುವುದು, ಜ್ವರ, ಅಥವಾ ಗರ್ಭಿಣಿ ಇರಬಹುದೆಂಬ ಅನುಮಾನದ ಜೊತೆ ಹೊಟ್ಟೆನೋವು ಬಂದರೆ ಇಷ್ಟೆಲ್ಲ ಪತ್ರವ್ಯವಹಾರಕ್ಕೆ ಕಾಯಬೇಡಿ. ತುರ್ತು ವಿಭಾಗಕ್ಕೆ ಹೋಗಿ, ಹೋಗಲಾಗದಿದ್ದರೆ 999ಕ್ಕೆ ಕರೆ ಮಾಡಿ.

ಕಾದು ಸಾಕಾಗಿ ಊರಿನಲ್ಲೇ ಮಾಡಿಸಿಕೊಂಡು ಬರೋಣವೆಂದರೆ ಅದೂ ತಪ್ಪಲ್ಲ. ಶಸ್ತ್ರಚಿಕಿತ್ಸೆಯ ವಿವರ, ಒಳಗಿನ ಫೋಟೊಗಳು, ಬಯಾಪ್ಸಿ ವರದಿ ಮೂರನ್ನೂ ಇಂಗ್ಲಿಷಿನಲ್ಲಿ ಪಡೆದು ಬಂದು ಜಿಪಿ ಕಡತಕ್ಕೆ ಸೇರಿಸಿ. ನಾನು ಈಗಲೂ ಪ್ರತಿ ಭೇಟಿಗೆ ಆ ನೋಟ್‌ಬುಕ್ ಒಯ್ಯುತ್ತೇನೆ, ಎರಡನೆಯದು ಮುಗಿಯುತ್ತ ಬಂದಿದೆ.